ಯುಎಸ್‌ಬಿ ಕೇಬಲ್‌ನಲ್ಲಿ ನೆಟ್‌ವರ್ಕ್: ಕನ್ಸೋಲಿನ ಕಾರ್ಡಿಗೆ ಅಪಾಯ ಬರುವುದು ಎಲ್ಲಿಂದ?

ಪ್ರಶ್ನೆ: ನನ್ನ ಬಳಿ ಕೈಯಲ್ಲಿ ಹಿಡಿದು ಆಡುವ, ಲಿನಕ್ಸ್ ಆಧಾರಿತ ಹಳೆಯ ಗೇಮ್ ಕನ್ಸೋಲ್ ಇದೆ. ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿದರೆ ಅದರಲ್ಲಿ ‘ಡಿಸ್ಕ್’ ಮತ್ತು ‘ನೆಟ್‌ವರ್ಕ್’ ಎಂಬ ಎರಡು ಆಯ್ಕೆಗಳು ಬರುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಆರಿಸಿದರೆ ಕನ್ಸೋಲಿನ ಫೋಲ್ಡರ್ ತಾನಾಗಿಯೇ ಕಾಣುತ್ತಿತ್ತು. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಕಾಣುತ್ತಿಲ್ಲ. ಸಾಲದ್ದಕ್ಕೆ, ಕೇಬಲ್ ಹಾಕಿದ ಕೂಡಲೇ ಲ್ಯಾಪ್‌ಟಾಪಿನ ಇಂಟರ್ನೆಟ್ ನಿಂತುಹೋಗುತ್ತದೆ. ಬೇಸತ್ತು ಡಿಸ್ಕ್ ಆಯ್ಕೆಯಲ್ಲಿ ಆಟಗಳನ್ನು ನಕಲು ಮಾಡಿದೆ. ಮರುದಿನ ನೋಡಿದರೆ ಆಟದ ಪ್ರಗತಿ ಉಳಿಸಿಡುವ ಸೇವ್ ಫೋಲ್ಡರಿನಲ್ಲಿ ಓದಲಾಗದ ವಿಚಿತ್ರ ಹೆಸರುಗಳಿದ್ದವು. ದೋಷ ಸರಿಪಡಿಸಲೇ ಎಂದು ವಿಂಡೋಸ್ ಕೇಳಿದ್ದಕ್ಕೆ ಒಪ್ಪಿದೆ. ಈಗ ಬರೀ ಸಂಖ್ಯೆಗಳ ಹೆಸರಿನ ನೂರಾರು ಫೈಲ್‌ಗಳು ಉಳಿದಿವೆ. ಫೋಲ್ಡರ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1 ಆನ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ನೆಟ್‌ವರ್ಕ್ ಆಯ್ಕೆಯೇ ಅಪಾಯಕಾರಿ, ಯಾರು ಬೇಕಾದರೂ ಒಳಗೆ ಬರಬಹುದು, ಕಾರ್ಡ್ ರೀಡರ್ ಬಳಸಿ ಎಂದು ಇನ್ನೊಬ್ಬರು ಹೇಳುತ್ತಾರೆ. 5 ಜಿಬಿ ಇರುವ ನನ್ನದೊಂದು ಬ್ಯಾಕಪ್ ಜಿಪ್ ಫೈಲಂತೂ ಯಾವ ದಾರಿಯಲ್ಲೂ ಪೂರ್ತಿಯಾಗಿ ಹೋಗುವುದಿಲ್ಲ. ಯಾವ ದಾರಿ ಸರಿ? ಕಳೆದ ಸೇವ್‌ಗಳು ಮರಳಿ ಸಿಗುತ್ತವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿರುವ ತೊಂದರೆಗಳು ನಾಲ್ಕಿವೆ: ಹಾಳಾದ ಸೇವ್‌ಗಳು, ಕಾಣದ ಫೋಲ್ಡರ್, ನಿಂತುಹೋಗುವ ಇಂಟರ್ನೆಟ್ ಮತ್ತು ಅರ್ಧಕ್ಕೇ ನಿಲ್ಲುವ ದೊಡ್ಡ ಫೈಲ್. ಎಲ್ಲವೂ ಒಂದೇ ಕೇಬಲಿನ ಮೂಲಕ ಕಾಣಿಸಿಕೊಂಡಿದ್ದರಿಂದ ಒಂದೇ ಕಾಯಿಲೆಯಂತೆ ತೋರುತ್ತವೆಯಾದರೂ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ. ಇಂಥ ಸಾಧನಗಳ ಯುಎಸ್‌ಬಿ ಭಾಗದ ಮೇಲೆ ವರ್ಷಗಳಿಂದ ಕೆಲಸ ಮಾಡಿದವನಾಗಿ ನಾನು ಮೊದಲು ಹೇಳಬೇಕಾದದ್ದು ಇಷ್ಟು: ನಿಮ್ಮ ಸೇವ್‌ಗಳನ್ನು ಹಾಳುಮಾಡಿದ್ದು ನೆಟ್‌ವರ್ಕ್ ಆಯ್ಕೆಯಲ್ಲ. ಅದನ್ನು ಬಿಟ್ಟು ನೀವು ಹಿಡಿದ ಡಿಸ್ಕ್ ಆಯ್ಕೆಯಲ್ಲೇ ಆ ಅನಾಹುತ ನಡೆದಿದೆ. ಅದು ಏಕೆ ನಡೆಯಿತು ಎಂದು ತಿಳಿದರೆ ಉಳಿದ ತೀರ್ಮಾನಗಳನ್ನು ನೀವೇ ಮಾಡಬಲ್ಲಿರಿ.

ಡಿಸ್ಕ್ ಆಯ್ಕೆಯಲ್ಲಿ ಕನ್ಸೋಲ್ ತನ್ನ ಮೆಮೊರಿ ಕಾರ್ಡನ್ನು ಪೆನ್ ಡ್ರೈವಿನಂತೆ ಕಂಪ್ಯೂಟರಿನ ಮುಂದೆ ಇಡುತ್ತದೆ. ಇಲ್ಲಿ ಕಂಪ್ಯೂಟರಿಗೆ ಸಿಗುವುದು ಫೈಲ್‌ಗಳಲ್ಲ, ಕಾರ್ಡಿನ ಕಚ್ಚಾ ಬ್ಲಾಕ್‌ಗಳು, ಅಂದರೆ ದತ್ತಾಂಶ ತುಂಬುವ ಜಾಗದ ತುಂಡುಗಳು. ಯಾವ ಬ್ಲಾಕ್ ಯಾವ ಫೈಲಿಗೆ ಸೇರಿದೆ ಎಂಬ ಲೆಕ್ಕವನ್ನು ಕಾರ್ಡಿನ ಆರಂಭದಲ್ಲಿರುವ ಫ್ಯಾಟ್ ಕೋಷ್ಟಕದಿಂದ ಕಂಪ್ಯೂಟರೇ ಓದಿಕೊಳ್ಳುತ್ತದೆ, ಓದಿದ್ದನ್ನು ವೇಗಕ್ಕಾಗಿ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ಕನ್ಸೋಲಿನ ಲಿನಕ್ಸ್ ಕೂಡ ಆ ಕಾರ್ಡನ್ನು ಮೌಂಟ್ ಮಾಡಿಕೊಂಡೇ, ಅಂದರೆ ಬಳಕೆಗೆ ತೆರೆದಿಟ್ಟುಕೊಂಡೇ, ಇದ್ದರೆ ಅದರ ಮೆಮೊರಿಯಲ್ಲೂ ಅದೇ ಕೋಷ್ಟಕದ ಇನ್ನೊಂದು ಪ್ರತಿ ಇರುತ್ತದೆ. ಒಂದೇ ಲೆಕ್ಕದ ಪುಸ್ತಕವನ್ನು ಇಬ್ಬರು ಗುಮಾಸ್ತರು ತಂತಮ್ಮ ಮನೆಗೆ ನಕಲು ಮಾಡಿಕೊಂಡು ಹೋಗಿ, ಒಬ್ಬರಿಗೊಬ್ಬರು ಹೇಳದೆ ತಿದ್ದಿ, ಸಂಜೆ ಒಂದರ ಮೇಲೊಂದು ಬರೆದರೆ ಆಗುವುದೇ ಇಲ್ಲೂ ಆಗುತ್ತದೆ. ಲ್ಯಾಪ್‌ಟಾಪ್ ಖಾಲಿ ಎಂದು ಭಾವಿಸಿ ಹೊಸ ಆಟವನ್ನು ಬರೆದ ಜಾಗದಲ್ಲಿಯೇ ಕನ್ಸೋಲ್ ಸೇವ್ ಫೈಲನ್ನು ಬರೆದಿರುತ್ತದೆ. ಫೋಲ್ಡರಿನ ಪಟ್ಟಿ ಇರಬೇಕಾದ ಬ್ಲಾಕಿನಲ್ಲಿ ಆಟದ ದತ್ತಾಂಶ ಬಂದು ಕುಳಿತಾಗ ವಿಂಡೋಸ್ ಅದನ್ನೇ ಹೆಸರುಗಳೆಂದು ಓದಲು ಹೋಗುತ್ತದೆ. ನೀವು ಕಂಡ ವಿಚಿತ್ರ ಅಕ್ಷರಗಳು ಹೆಸರುಗಳೇ ಅಲ್ಲ, ಯಾವುದೋ ಆಟದ ಚೂರುಗಳು.

ಚೆನ್ನಾಗಿ ರೂಪಿಸಿದ ಫರ್ಮ್‌ವೇರ್ (ಸಾಧನದೊಳಗಿನ ಮೂಲ ತಂತ್ರಾಂಶ) ಡಿಸ್ಕ್ ಆಯ್ಕೆಗೆ ಹೋಗುವ ಮುನ್ನ ಕಾರ್ಡನ್ನು ತನ್ನ ಕಡೆಯಿಂದ ಪೂರ್ತಿ ಅನ್‌ಮೌಂಟ್ ಮಾಡಿ, ಪರದೆಯ ಮೇಲೆ ಬೇರೇನನ್ನೂ ಮಾಡಲು ಬಿಡದೆ ಕಾಯುತ್ತದೆ. ಎಷ್ಟೋ ಸಾಧನಗಳಲ್ಲಿ ಹೀಗಾಗುವುದಿಲ್ಲ. ಹಿನ್ನೆಲೆಯಲ್ಲಿ ಎಮ್ಯುಲೇಟರ್ (ಹಳೆಯ ಸಾಧನಗಳ ಆಟಗಳನ್ನು ಆಡಿಸುವ ತಂತ್ರಾಂಶ) ಒಂದು ತೆರೆದಿದ್ದರೆ ಅನ್‌ಮೌಂಟ್ ವಿಫಲವಾಗುತ್ತದೆ, ಆ ವೈಫಲ್ಯವನ್ನು ಸ್ಕ್ರಿಪ್ಟ್ ಲಕ್ಷಿಸದೆ ಮುಂದುವರಿಯುತ್ತದೆ. ನನ್ನ ಕಾರ್ಡ್ ಒಂದು ಹೀಗೆಯೇ ಹಾಳಾಗಿತ್ತು. ಲಿನಕ್ಸಿನ ತಿರುಳಾದ ಕರ್ನೆಲಿನ ದಾಖಲೆಯಲ್ಲಿ ‘ಸಾಧನ ಬಳಕೆಯಲ್ಲಿದೆ’ ಎಂಬ ಒಂದು ಸಾಲು ಮಾತ್ರ ಇತ್ತು, ಅದರ ಮರುಕ್ಷಣವೇ ಕಾರ್ಡನ್ನು ಕಂಪ್ಯೂಟರಿಗೆ ಒಪ್ಪಿಸಿದ ಸಾಲು. ನಡುವೆ ಒಂದು ಸೆಕೆಂಡಿನ ಅಂತರವೂ ಇರಲಿಲ್ಲ.

ನೆಟ್‌ವರ್ಕ್ ಆಯ್ಕೆ ಈ ಇಕ್ಕಟ್ಟನ್ನು ಬುಡದಲ್ಲೇ ತಪ್ಪಿಸುತ್ತದೆ. ಕನ್ಸೋಲಿನ ಕರ್ನೆಲಿನಲ್ಲಿರುವ ‘ಗ್ಯಾಜೆಟ್’ ಡ್ರೈವರ್ ಯುಎಸ್‌ಬಿ ಕೇಬಲನ್ನೇ ಒಂದು ಈಥರ್ನೆಟ್ ತಂತಿಯಂತೆ ನಟಿಸುವ ಹಾಗೆ ಮಾಡುತ್ತದೆ. ಲ್ಯಾಪ್‌ಟಾಪಿಗೆ ಹೊಸ ನೆಟ್‌ವರ್ಕ್ ಕಾರ್ಡ್ ಬಂದಂತೆ ಕಾಣುತ್ತದೆ, ಕನ್ಸೋಲಿಗೂ ಒಂದು ಐಪಿ ವಿಳಾಸ ಸಿಗುತ್ತದೆ. ಓಪನ್‌ಡಿಂಗಕ್ಸ್ ಎಂಬ ಲಿನಕ್ಸ್ ವ್ಯವಸ್ಥೆ ಬಳಸುವ ಸಾಧನಗಳಲ್ಲಿ ಕನ್ಸೋಲಿನ ವಿಳಾಸ ಸಾಮಾನ್ಯವಾಗಿ 10.1.1.2 ಆಗಿರುತ್ತದೆ. ಆ ಮೇಲೆ ಲ್ಯಾಪ್‌ಟಾಪ್ ಫೈಲ್ ಬೇಕೆಂದು ಕೇಳುತ್ತದೆ, ಕನ್ಸೋಲ್ ಕೊಡುತ್ತದೆ. ಬರೆಯಬೇಕಾದರೂ ಲ್ಯಾಪ್‌ಟಾಪ್ ಕಳುಹಿಸುತ್ತದೆ, ಬರೆಯುವುದು ಕನ್ಸೋಲೇ. ಕಾರ್ಡಿಗೆ ಯಜಮಾನ ಒಬ್ಬನೇ ಉಳಿಯುತ್ತಾನೆ. ಕೋಷ್ಟಕದ ಪ್ರತಿಯೂ ಒಂದೇ. ಕಾರ್ಡ್ ಲಿನಕ್ಸಿನ ಎಕ್ಸ್‌ಟ್4 ಎಂಬ ಫೈಲ್ ವ್ಯವಸ್ಥೆಯಲ್ಲಿದ್ದರೂ ವಿಂಡೋಸ್‌ಗೆ ಅದರ ಗೊಡವೆಯೇ ಇಲ್ಲ, ಏಕೆಂದರೆ ಅದು ನೋಡುವುದು ಫೈಲ್‌ಗಳನ್ನು ಮಾತ್ರ. ಇದು ಹೊಸ ಉಪಾಯವೂ ಅಲ್ಲ: ಕೊರಿಯಾದಲ್ಲಿ 2005ರಲ್ಲಿ ಹೊರಬಂದ, 64 ಎಂಬಿ ರ‍್ಯಾಮಿನ ಜಿಪಿ2ಎಕ್ಸ್ ಕನ್ಸೋಲಿನ ಕಾಲದಿಂದಲೂ ಲಿನಕ್ಸ್ ಕನ್ಸೋಲ್ ಇಟ್ಟುಕೊಂಡವರು ಹೀಗೆಯೇ ಫೈಲ್ ಸಾಗಿಸುತ್ತಿದ್ದಾರೆ.

ಇನ್ನು ‘ಯಾರು ಬೇಕಾದರೂ ಒಳಗೆ ಬರಬಹುದು’ ಎಂಬ ಮಾತಿಗೆ ಬರೋಣ. ಇದು ಪೂರ್ತಿ ಸುಳ್ಳಲ್ಲ, ಆದರೆ ಹೇಳಿದ ರೀತಿಯಲ್ಲಿ ನಿಜವೂ ಅಲ್ಲ. ಯುಎಸ್‌ಬಿ ನೆಟ್‌ವರ್ಕ್‌ಗೆ ತುದಿಗಳು ಎರಡೇ, ಒಂದು ನಿಮ್ಮ ಲ್ಯಾಪ್‌ಟಾಪ್, ಇನ್ನೊಂದು ನಿಮ್ಮ ಕನ್ಸೋಲ್. ಲ್ಯಾಪ್‌ಟಾಪಿನಲ್ಲಿ ನೀವೇ ಇಂಟರ್ನೆಟ್ ಹಂಚಿಕೆಯನ್ನೋ ಎರಡು ಜಾಲಗಳನ್ನು ಬೆಸೆಯುವ ಬ್ರಿಡ್ಜನ್ನೋ ಮಾಡದ ಹೊರತು ಹೊರಗಿನವರಿಗೆ ಆ ಕೇಬಲಿನೊಳಗೆ ದಾರಿಯಿಲ್ಲ. ಮಾತಿನ ನಿಜವಾದ ಭಾಗ ಬೇರೆ ಕಡೆ ಇದೆ. ಇಂಥ ಅನೇಕ ಕನ್ಸೋಲ್‌ಗಳಲ್ಲಿ ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಗೆ ಪಾಸ್‌ವರ್ಡ್ ಇರುವುದೇ ಇಲ್ಲ, ಅಥವಾ ಎಲ್ಲ ಘಟಕಗಳಿಗೂ ಒಂದೇ ಪಾಸ್‌ವರ್ಡ್ ಇರುತ್ತದೆ. ಕೇಬಲಿನಲ್ಲಿ ಮಾತ್ರ ಬಳಸುವವರೆಗೆ ಅದರಿಂದ ಬಾಧಕವಿಲ್ಲ. ಆದರೆ ಅದೇ ಕನ್ಸೋಲಿನಲ್ಲಿ ವೈಫೈ ಇದ್ದು, ಅದೂ ಆನ್ ಆಗಿದ್ದರೆ, ಸಾಂಬಾ ಮತ್ತು ಎಫ್‌ಟಿಪಿ ಎಂಬ ಫೈಲ್ ಹಂಚುವ ಸೇವೆಗಳು ಸಾಮಾನ್ಯವಾಗಿ ಎಲ್ಲ ಸಂಪರ್ಕಗಳ ಮೇಲೂ ಕಿವಿಗೊಟ್ಟು ಕುಳಿತಿರುತ್ತವೆ. ಆಗ ಆ ವೈಫೈನಲ್ಲಿರುವ ಯಾರೇ ಆದರೂ ನಿಮ್ಮ ಕಾರ್ಡನ್ನು ತೆರೆಯಬಲ್ಲರು. ಆದ್ದರಿಂದ ಕನ್ಸೋಲಿಗೆ ಒಂದು ಪಾಸ್‌ವರ್ಡ್ ಇಡಿ, ಫೈಲ್ ಸಾಗಿಸುವಾಗ ವೈಫೈ ಆಫ್ ಮಾಡಿಡಿ. ಸಾಂಬಾದ ಸಂರಚನಾ ಫೈಲಿನಲ್ಲಿ ಯುಎಸ್‌ಬಿ ಸಂಪರ್ಕವನ್ನು ಮಾತ್ರ ಹೆಸರಿಸಿ ಉಳಿದವನ್ನು ಮುಚ್ಚುವುದು ಇನ್ನೂ ಒಳ್ಳೆಯದು.

ಇದೇ ಕಾರಣಕ್ಕೆ ಎಸ್‌ಎಂಬಿ 1 ಆನ್ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಸಲಹೆ ಕೊಟ್ಟವರು ರೋಗವನ್ನು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿದ್ದಾರೆ, ಮದ್ದು ಮಾತ್ರ ತಪ್ಪಾಗಿದೆ. ವಿಂಡೋಸ್ ಫೋಲ್ಡರ್ ಹಂಚಿಕೆಯ ಭಾಷೆಯೇ ಎಸ್‌ಎಂಬಿ. ಆ ಭಾಷೆಯನ್ನು ಲಿನಕ್ಸಿನಲ್ಲಿ ಮಾತನಾಡುವ ತಂತ್ರಾಂಶ ಸಾಂಬಾ. ಎಸ್‌ಎಂಬಿಯ ಮೊದಲ ಆವೃತ್ತಿ 1980ರ ದಶಕದ್ದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿದ್ದು ವಿಂಡೋಸ್‌ನ ಎಸ್‌ಎಂಬಿ 1 ಭಾಗದಲ್ಲಿದ್ದ ಬಿರುಕಿನ ಮೂಲಕವೇ. ಅದಕ್ಕೆ ತೇಪೆ ಆ ವರ್ಷದ ಮಾರ್ಚಿನಲ್ಲೇ ಬಂದಿದ್ದರೂ ಹಾಕಿಕೊಳ್ಳದವರು ಅಸಂಖ್ಯರಿದ್ದರು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಅಳವಡಿಸುವ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ಅನ್ನು ಮೊದಲೇ ಸೇರಿಸಿ ಕೊಡುವುದು ನಿಂತಿತು. ಸಾಂಬಾ ಕೂಡ 2019ರ 4.11 ಆವೃತ್ತಿಯಿಂದ ಅದನ್ನು ಮುಚ್ಚಿಟ್ಟೇ ಬರುತ್ತಿದೆ. ನಿಮ್ಮ ಕನ್ಸೋಲಿನಲ್ಲಿರುವ ಹಳೆಯ ಸಾಂಬಾಕ್ಕೆ ಬಹುಶಃ ಆ ಒಂದನೆಯ ಆವೃತ್ತಿಯ ಮಾತು ಮಾತ್ರ ಬರುತ್ತದೆ. ಹೊಸ ಲ್ಯಾಪ್‌ಟಾಪಿಗೆ ಅದು ಅರ್ಥವಾಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಬದಲಾಗಲೇಬೇಕು. ಆಟದ ಕನ್ಸೋಲ್ ಒಂದಕ್ಕಾಗಿ, ನಿಮ್ಮ ಎಲ್ಲ ವ್ಯವಹಾರ ನಡೆಯುವ ಲ್ಯಾಪ್‌ಟಾಪನ್ನು ಹಿಂದಕ್ಕೆ ತಳ್ಳುವುದು ತರವಲ್ಲ, ಬದಲಾಗಬೇಕಾದದ್ದು ಕನ್ಸೋಲ್.

ಅದಕ್ಕೆ ಮುನ್ನ ತೊಂದರೆ ನಿಜವಾಗಿಯೂ ಸಾಂಬಾದ್ದೇ ಎಂದು ಖಚಿತಪಡಿಸಿಕೊಳ್ಳಿ. ‘ಫೋಲ್ಡರ್ ಕಾಣುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಮೂರು ಮಹಡಿಗಳಿವೆ, ಕೆಳಗಿನದು ಕುಸಿದಿದ್ದರೆ ಮೇಲಿನದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಕೆಳಗಿನದು ಕೇಬಲ್ ಮತ್ತು ಡ್ರೈವರ್. ಚಾರ್ಜಿಂಗ್‌ಗೆಂದೇ ಮಾಡಿದ ಎಷ್ಟೋ ಕೇಬಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇರುತ್ತವೆ, ದತ್ತಾಂಶದ ಎರಡು ತಂತಿಗಳು ಇರುವುದಿಲ್ಲ. ಕನ್ಸೋಲಿನಲ್ಲಿ ಎರಡು ಟೈಪ್-ಸಿ ಕಿಂಡಿಗಳಿದ್ದರೆ ಒಂದು ಮಾತ್ರ ಈ ಕೆಲಸಕ್ಕೆ ಬರುವುದುಂಟು. ನಿಮ್ಮ ಇಂಟರ್ನೆಟ್ ನಿಲ್ಲುತ್ತಿದೆ ಎಂದರೆ ಈ ಮಹಡಿ ಭದ್ರವಾಗಿದೆ ಎಂದೇ ಅರ್ಥ. ಹೊಸ ನೆಟ್‌ವರ್ಕ್ ಬಂದದ್ದರಿಂದಲೇ ಹಳೆಯದಕ್ಕೆ ತೊಡಕಾಗಿದೆ. ಇದನ್ನು ಓದುವ ಇತರರಿಗಾಗಿ ಒಂದು ಮಾತು ಸೇರಿಸುತ್ತೇನೆ. ಇಂಥ ಕನ್ಸೋಲ್‌ಗಳು ವಿಂಡೋಸ್‌ನೊಂದಿಗೆ ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಆರ್‌ಎನ್‌ಡಿಐಎಸ್ ಎಂಬ ನಿಯಮಾವಳಿಯಲ್ಲಿ ಮಾತನಾಡುತ್ತವೆ, ಮತ್ತು ವಿಂಡೋಸ್ ಕೆಲವೊಮ್ಮೆ ಆ ಸಾಧನವನ್ನು ತಪ್ಪಾಗಿ ಸೀರಿಯಲ್ ಪೋರ್ಟ್ ಎಂದು ಗುರುತಿಸಿಬಿಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ 3, ಕಾಮ್ 4 ಎಂದೇನಾದರೂ ಹೊಸದಾಗಿ ಮೂಡಿದ್ದರೆ ಅದರ ಡ್ರೈವರನ್ನು ಕೈಯಾರೆ ಬದಲಿಸಿ, ನೆಟ್‌ವರ್ಕ್ ಅಡಾಪ್ಟರುಗಳ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಹೆಸರಿನಡಿ ಇರುವ ರಿಮೋಟ್ ಎನ್‌ಡಿಐಎಸ್ ಸಾಧನವನ್ನು ಆರಿಸಬೇಕು. ಮ್ಯಾಕ್ ಬಳಸುವವರಿಗೆ ಆರ್‌ಎನ್‌ಡಿಐಎಸ್ ತಾನಾಗಿ ಬರುವುದಿಲ್ಲ. ಅವರ ಕನ್ಸೋಲ್ ಸಿಡಿಸಿ ಈಥರ್ನೆಟ್ ಎಂಬ ಇನ್ನೊಂದು ನಿಯಮಾವಳಿಯಲ್ಲಿ ಮಾತನಾಡಬೇಕು.

ಎರಡನೆಯ ಮಹಡಿ ವಿಳಾಸ. ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ಸೋಲಿನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಪಿಂಗ್ ಆಜ್ಞೆಯಿಂದ ಅದನ್ನು ಕರೆದು ನೋಡಿ. ಉತ್ತರ ಬಾರದಿದ್ದರೆ ಲ್ಯಾಪ್‌ಟಾಪಿನ ಹೊಸ ಅಡಾಪ್ಟರಿಗೆ ಯಾವ ವಿಳಾಸ ಬಂದಿದೆ ನೋಡಿ. ಅದು 169.254 ಎಂದು ಆರಂಭವಾಗಿದ್ದರೆ ಕನ್ಸೋಲಿನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಊಹಿಸಿಕೊಂಡಿದೆ ಎಂದರ್ಥ. ಆಗ ಕನ್ಸೋಲಿನ ಜಾಲಕ್ಕೇ ಸೇರುವ ಬೇರೊಂದು ವಿಳಾಸವನ್ನು ನೀವೇ ತುಂಬಬೇಕು. ನಿಮ್ಮ ಇಂಟರ್ನೆಟ್ ನಿಲ್ಲುವ ಗುಟ್ಟೂ ಇದೇ ಮಹಡಿಯಲ್ಲಿದೆ. ಕನ್ಸೋಲ್ ವಿಳಾಸದ ಜೊತೆಗೆ ‘ಹೊರಜಗತ್ತಿಗೆ ದಾರಿ ನಾನೇ’ ಎಂದು ಗೇಟ್‌ವೇಯನ್ನೂ ಘೋಷಿಸಿದರೆ ಲ್ಯಾಪ್‌ಟಾಪ್ ಅದನ್ನು ನಂಬಿ ಎಲ್ಲವನ್ನೂ ಆ ಪುಟ್ಟ ಸಾಧನಕ್ಕೆ ಕಳುಹಿಸತೊಡಗುತ್ತದೆ. ಅಡಾಪ್ಟರಿನ ವಿಳಾಸವನ್ನು ಕೈಯಾರೆ ತುಂಬಿ ಗೇಟ್‌ವೇ ಜಾಗವನ್ನು ಖಾಲಿ ಬಿಟ್ಟರೆ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಮನೆಯ ರೌಟರ್ ಮತ್ತು ಕನ್ಸೋಲ್ ಎರಡೂ 192.168.1 ಎಂಬ ಒಂದೇ ಸರಣಿಯಲ್ಲಿದ್ದರೂ ಇಂಥದೇ ಗೊಂದಲವಾಗುತ್ತದೆ, ಆಗ ಕನ್ಸೋಲಿನ ಸರಣಿಯನ್ನು ಬದಲಿಸಬೇಕು.

ನೀವು ಹೀಗೆ ತುಂಬಿದ ವಿಳಾಸ ಮರುದಿನ ಮಾಯವಾಗಬಹುದು. ಗ್ಯಾಜೆಟ್ ಡ್ರೈವರ್, ಬೇರೆ ಏನೂ ಹೇಳದಿದ್ದರೆ, ಪ್ರತಿ ಸಲ ಆರಂಭವಾದಾಗಲೂ ಹೊಸ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ; ಆಪಲ್‌ನ ಮ್ಯಾಕ್‌ಗೆ ಸಂಬಂಧವಿಲ್ಲ) ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ದಿನವೂ ಹೊಸ ನೆಟ್‌ವರ್ಕ್ ಕಾರ್ಡ್ ಬಂದಂತಾಗುತ್ತದೆ, ಹಳೆಯ ಹೊಂದಾಣಿಕೆಗಳು ಹಳೆಯ ಕಾರ್ಡಿನ ಹೆಸರಿನಲ್ಲೇ ಉಳಿದುಬಿಡುತ್ತವೆ. ಕನ್ಸೋಲಿನಲ್ಲಿ ಆ ಡ್ರೈವರನ್ನು ಆರಂಭಿಸುವ ಸಾಲಿನಲ್ಲಿ ಎರಡೂ ತುದಿಗಳಿಗೆ ಸ್ಥಿರ ಮ್ಯಾಕ್ ವಿಳಾಸ ಕೊಟ್ಟರೆ ಈ ಕಾಟ ತಪ್ಪುತ್ತದೆ. ಸ್ವಂತವಾಗಿ ಕಟ್ಟಿಕೊಳ್ಳುವ ವಿಳಾಸದ ಮೊದಲ ಜೋಡಿ 02 ಎಂದಿರಲಿ, ಆಗ ಯಾವ ತಯಾರಕರ ವಿಳಾಸಕ್ಕೂ ಅದು ಡಿಕ್ಕಿಯಾಗುವುದಿಲ್ಲ.

ಪಿಂಗ್‌ಗೆ ಉತ್ತರ ಬಂದರೂ ಫೋಲ್ಡರ್ ತೆರೆಯದಿದ್ದರೆ ಮಾತ್ರ ಮೂರನೆಯ ಮಹಡಿಗೆ, ಅಂದರೆ ಸಾಂಬಾಕ್ಕೆ, ಬನ್ನಿ. ಮೊದಲು ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಬದಿ ಓರೆಗೆರೆಗಳನ್ನು ಹಾಕಿ ಕನ್ಸೋಲಿನ ಐಪಿ ವಿಳಾಸವನ್ನು ನೇರವಾಗಿ ಟೈಪ್ ಮಾಡಿ. ಅಕ್ಕಪಕ್ಕದ ಯಂತ್ರಗಳನ್ನು ತಾನಾಗಿ ಪಟ್ಟಿ ಮಾಡುತ್ತಿದ್ದ ಹಳೆಯ ವ್ಯವಸ್ಥೆ ಎಸ್‌ಎಂಬಿ 1ರ ಜೊತೆಗೇ ಹೊರಟುಹೋಗಿರುವುದರಿಂದ, ಪಟ್ಟಿಯಲ್ಲಿ ಕಾಣದಿದ್ದರೂ ನೇರವಾಗಿ ಕರೆದರೆ ತೆರೆಯುವ ಕನ್ಸೋಲ್‌ಗಳು ಬಹಳ ಇವೆ. ಹಾಗೂ ತೆರೆಯದಿದ್ದರೆ ಸಾಂಬಾದ ಆವೃತ್ತಿ ನೋಡಿ. 4.0 ಅಥವಾ ಅದಕ್ಕಿಂತ ಹೊಸದಾದರೆ ಎಸ್‌ಎಂಬಿ 2 ಮತ್ತು 3 ಅದಕ್ಕೆ ಬರುತ್ತವೆ. 3.6 ಆಗಿದ್ದರೆ ಎಸ್‌ಎಂಬಿ 2 ಬರುತ್ತದೆ, ಆದರೆ ಸಂರಚನಾ ಫೈಲಿನಲ್ಲಿ ಗರಿಷ್ಠ ಪ್ರೋಟೊಕಾಲ್ ಎಸ್‌ಎಂಬಿ 2 ಎಂದು ಒಂದು ಸಾಲು ಬರೆದು ಹೇಳಬೇಕು. ಈ ಒಂದು ಸಾಲಿನಿಂದ ಎಷ್ಟೋ ಹಳೆಯ ಸಾಧನಗಳು ಮತ್ತೆ ಕೆಲಸಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಹಳೆಯದಾದರೆ ಸಾಂಬಾದ ಆಸೆ ಬಿಡುವುದೇ ಒಳ್ಳೆಯದು. ಇನ್ನೊಂದು ತಡೆಯೂ ಇದೆ: ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಮತ್ತು ಎಂಟರ್‌ಪ್ರೈಸ್ ಬಗೆಗಳು ಪ್ರತಿ ಎಸ್‌ಎಂಬಿ ಸಂದೇಶಕ್ಕೂ ಸಹಿ ಕೇಳುತ್ತವೆ. ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶದಲ್ಲಿ ಸಹಿ ಹಾಕಲು ಬೇಕಾದ ಕೀಲಿಯೇ ಹುಟ್ಟುವುದಿಲ್ಲವಾದ್ದರಿಂದ ಅಂಥ ಹಂಚಿಕೆ ತೆರೆಯುವುದಿಲ್ಲ. ಸಹಿಯ ನಿಯಮವನ್ನು ಸಡಿಲಿಸುವ ಬದಲು ಕನ್ಸೋಲಿನ ಸಾಂಬಾದಲ್ಲಿ ಒಬ್ಬ ಬಳಕೆದಾರನನ್ನೂ ಪಾಸ್‌ವರ್ಡನ್ನೂ ಸೃಷ್ಟಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಾಂಬಾವನ್ನು ಪಕ್ಕಕ್ಕಿಟ್ಟು, ಗೂಢಲಿಪಿಯಲ್ಲಿ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿ ಹಿಡಿಯುತ್ತಿದ್ದೆ. ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿಯಂಥ ತಂತ್ರಾಂಶದಲ್ಲಿ ಕನ್ಸೋಲಿನ ವಿಳಾಸ ಕೊಟ್ಟರೆ ಎಡಕ್ಕೆ ಲ್ಯಾಪ್‌ಟಾಪ್, ಬಲಕ್ಕೆ ಕನ್ಸೋಲ್ ಕಾಣುತ್ತದೆ. ವಿಂಡೋಸ್‌ನ ಹಂಚಿಕೆ ನಿಯಮಗಳು ಎಷ್ಟು ಬದಲಾದರೂ ಇದಕ್ಕೆ ತಟ್ಟುವುದಿಲ್ಲ. ಇದರಲ್ಲೂ ಒಂದು ತೊಡಕಿದೆ. ಚಿಕ್ಕ ಸಾಧನಗಳಲ್ಲಿ ಎಸ್‌ಎಸ್‌ಎಚ್ ಸೇವೆಗೆ (ದೂರದಿಂದ ಒಳಹೊಕ್ಕು ಆಜ್ಞೆ ಕೊಡುವ ಸೇವೆ) ಡ್ರಾಪ್‌ಬೇರ್ ಎಂಬ ಹಗುರ ತಂತ್ರಾಂಶ ಇರುತ್ತದೆ, ಅದರ ಜೊತೆಗೆ ಎಸ್‌ಎಫ್‌ಟಿಪಿ ಸರ್ವರ್ ಬರುವುದಿಲ್ಲ. 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಫೈಲ್ ನಕಲಿಸುವ ಎಸ್‌ಸಿಪಿ ಆಜ್ಞೆಯೂ ಒಳಗೊಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುವುದರಿಂದ, ನಿನ್ನೆಯವರೆಗೆ ನಡೆಯುತ್ತಿದ್ದ ಎಸ್‌ಸಿಪಿ ಇದ್ದಕ್ಕಿದ್ದಂತೆ ವಿಫಲವಾಗಿ, ಕನ್ಸೋಲೇ ಕೆಟ್ಟಿತೆಂದು ಗಾಬರಿಯಾದವರಿದ್ದಾರೆ. ಆಜ್ಞೆಗೆ ಇಂಗ್ಲಿಷಿನ ದೊಡ್ಡಕ್ಷರದ ‘ಓ’ ಆಯ್ಕೆಯನ್ನು ಸೇರಿಸಿದರೆ ಹಳೆಯ ರೀತಿ ಮರಳುತ್ತದೆ. ವಿನ್‌ಎಸ್‌ಸಿಪಿಯಲ್ಲಿ ಎಸ್‌ಸಿಪಿ ಎಂದೇ ಆರಿಸಬಹುದು. ಇದೂ ಆಗದಿದ್ದರೆ ಎಫ್‌ಟಿಪಿ ಇದೆ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಯಲಾಗಿ ಸಾಗುತ್ತದೆ ಎಂಬ ಆಕ್ಷೇಪ ವೈಫೈಗೆ ಸಲ್ಲುತ್ತದೆ, ಎರಡೇ ತುದಿಗಳ ಕೇಬಲಿನಲ್ಲಿ ನಾನು ಅದಕ್ಕೆ ಹೆದರುವುದಿಲ್ಲ.

5 ಜಿಬಿ ಫೈಲಿನ ವಿಚಾರಕ್ಕೆ ಹೆಚ್ಚು ಮಾತು ಬೇಕಿಲ್ಲ. ನಿಮ್ಮ ಕಾರ್ಡ್ ಫ್ಯಾಟ್32 ವ್ಯವಸ್ಥೆಯಲ್ಲಿದೆ, ಅದರಲ್ಲಿ ಫೈಲಿನ ಗಾತ್ರ ಬರೆಯಲು ಇರುವುದು 32 ಬಿಟ್‌ಗಳ ಜಾಗ; ಹಾಗಾಗಿ 4 ಜಿಬಿಗೆ ಒಂದು ಬೈಟ್ ಕಡಿಮೆಯಾದ ಮೇಲೆ ಯಾವ ಫೈಲೂ ಬೆಳೆಯಲಾರದು. ಕೇಬಲ್, ಸಾಂಬಾ, ಕಾರ್ಡ್ ರೀಡರ್ ಯಾವುದನ್ನು ಬದಲಿಸಿದರೂ ಮಿತಿ ಅದೇ. ಜಿಪ್ಪನ್ನು 2 ಜಿಬಿಯ ತುಂಡುಗಳಾಗಿ ಮಾಡಿ. ಎಕ್ಸ್‌ಫ್ಯಾಟ್ ಎಂಬ ಬೇರೆ ಫೈಲ್ ವ್ಯವಸ್ಥೆಗೆ ಬದಲಿಸಬಹುದಾದರೂ ಅದಕ್ಕೆ ಪಕ್ವವಾದ ಬೆಂಬಲ ಲಿನಕ್ಸ್ ಕರ್ನೆಲಿನೊಳಗೆ ಬಂದದ್ದು 2020ರ 5.7 ಆವೃತ್ತಿಯಲ್ಲಿ, ಮತ್ತು ಹಳೆಯ ಕನ್ಸೋಲ್‌ಗಳ ಕರ್ನೆಲ್ ಅದಕ್ಕಿಂತ ಎಷ್ಟೋ ಹಿಂದಿನದಾಗಿರುತ್ತದೆ.

ವೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ನಿಧಾನಕ್ಕೆ ಬೇಸತ್ತೇ ಜನ ಡಿಸ್ಕ್ ಆಯ್ಕೆಗೆ ಮರಳುತ್ತಾರೆ. ಯುಎಸ್‌ಬಿ 2.0ರ ಸೆಕೆಂಡಿಗೆ 480 ಮೆಗಾಬಿಟ್ ಎಂಬುದು ತಂತಿಯ ಮಿತಿ; ಕನ್ಸೋಲಿನ ಪ್ರೊಸೆಸರ್ ಪ್ರತಿ ಪ್ಯಾಕೆಟ್ಟನ್ನೂ ತಾನೇ ಬಿಚ್ಚಿ ಕಾರ್ಡಿಗೆ ಬರೆಯಬೇಕಾದ್ದರಿಂದ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಎಸ್‌ಎಫ್‌ಟಿಪಿಯಲ್ಲಿ ಗೂಢಲಿಪಿಯ ಭಾರ ಬೇರೆ. ಅದಕ್ಕಿಂತಲೂ ಹೆಚ್ಚು ಸಮಯ ತಿನ್ನುವುದು ಸಾವಿರಾರು ಪುಟ್ಟ ಫೈಲ್‌ಗಳು, ಅಂದರೆ ಆಟಗಳ ಮುಖಪುಟ ಚಿತ್ರಗಳಂಥವು. ಒಂದೊಂದಕ್ಕೂ ತೆರೆ, ಬರೆ, ಮುಚ್ಚು ಎಂಬ ಮಾತುಕತೆ ನಡೆಯಬೇಕು. ಅವನ್ನೆಲ್ಲ ಒಂದೇ ಟಾರ್ ಫೈಲ್ ಮಾಡಿ ಕಳುಹಿಸಿ ಕನ್ಸೋಲಿನಲ್ಲೇ ಬಿಡಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕಾರ್ಡ್ ರೀಡರ್ ಬಳಸಿ ಎಂದವರ ಮಾತಿನಲ್ಲೂ ಹುರುಳಿದೆ. ಕನ್ಸೋಲನ್ನು ಪೂರ್ತಿ ಆಫ್ ಮಾಡಿ ಕಾರ್ಡನ್ನು ಹೊರತೆಗೆದರೆ ಯಜಮಾನ ಆಗಲೂ ಒಬ್ಬನೇ, ವೇಗವೂ ಹೆಚ್ಚು. ಹತ್ತಾರು ಜಿಬಿಗಳನ್ನು ಮೊದಲ ಸಲ ತುಂಬುವಾಗ ನಾನೂ ಅದನ್ನೇ ಮಾಡುತ್ತೇನೆ. ಅಲ್ಲಿಯ ಅಪಾಯ ಬೇರೆ ಬಗೆಯದು. ಲಿನಕ್ಸಿನ ಎಕ್ಸ್‌ಟ್4 ವಿಭಾಗ ಇರುವ ಕಾರ್ಡನ್ನು ಹಾಕಿದ ಕೂಡಲೇ ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಒಂದು ಕಿಟಕಿ ತೆರೆಯುತ್ತದೆ. ಕಾರ್ಡಿಗೆ ಏನೂ ಆಗಿರುವುದಿಲ್ಲ, ವಿಂಡೋಸ್‌ಗೆ ಅದು ಓದಲು ಬರುವುದಿಲ್ಲ, ಅಷ್ಟೇ. ಅವಸರದಲ್ಲಿ ಒಪ್ಪಿಗೆ ಒತ್ತಿ ಇಡೀ ಕನ್ಸೋಲಿನ ವ್ಯವಸ್ಥೆಯನ್ನು ಕಳೆದುಕೊಂಡವರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಆ ಕಿಟಕಿಯನ್ನು ಪ್ರತಿ ಸಲವೂ ರದ್ದುಮಾಡಿ. ಪದೇ ಪದೇ ಕಾರ್ಡ್ ತೆಗೆದು ಹಾಕುವುದರಿಂದ ಕನ್ಸೋಲಿನ ಕಾರ್ಡ್ ಕಿಂಡಿಯ ಸ್ಪ್ರಿಂಗ್ ಸವೆಯುತ್ತದೆ ಎಂಬುದನ್ನೂ ಮರೆಯಬೇಡಿ.

ನೆಟ್‌ವರ್ಕ್ ಆಯ್ಕೆ ಎಲ್ಲದರಿಂದಲೂ ಕಾಪಾಡುತ್ತದೆ ಎಂದು ಮಾತ್ರ ತಿಳಿಯಬೇಡಿ. ಲ್ಯಾಪ್‌ಟಾಪಿನಲ್ಲಿ ನಕಲು ಮುಗಿಯಿತು ಎಂಬ ಸೂಚನೆ ಬಂದಾಗ ದತ್ತಾಂಶ ಕನ್ಸೋಲಿಗೆ ತಲುಪಿದೆ, ನಿಜ. ಆದರೆ ಅದರಲ್ಲಿ ಒಂದು ಪಾಲು ಇನ್ನೂ ಕನ್ಸೋಲಿನ ರ‍್ಯಾಮಿನಲ್ಲಿ ಕಾರ್ಡಿಗೆ ಬರೆಸಿಕೊಳ್ಳಲು ಕಾದು ಕುಳಿತಿರಬಹುದು. ಆ ಕ್ಷಣದಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದರೆ, ಅಥವಾ ಬ್ಯಾಟರಿ ಮುಗಿದರೆ, ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ) ಇಲ್ಲದ ಫ್ಯಾಟ್32 ಅರ್ಧ ಬರೆದ ಸ್ಥಿತಿಯಲ್ಲೇ ಉಳಿಯುತ್ತದೆ. ಕೇಬಲ್ ಎಳೆಯುವುದಕ್ಕಿಂತ ಇದೇ ದೊಡ್ಡ ಅಪಾಯ. ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು ಸಿಂಕ್ ಎಂಬ ಆಜ್ಞೆ ಕೊಡಿ, ಅದು ಮುಗಿದು ಪ್ರಾಂಪ್ಟ್ ಮರಳುವವರೆಗೆ ಕಾಯಿರಿ. ಅದು ಗೊತ್ತಿಲ್ಲದವರು ಮೆನುವಿನಿಂದ ಸರಿಯಾಗಿ ಶಟ್‌ಡೌನ್ ಮಾಡಿದರೂ ಸಾಕು. ಸೇವ್‌ಗಳಿಗೆ ಇನ್ನೂ ಒಂದು ಕಾಳಜಿ ಬೇಕು. ಆಟದೊಳಗೆ ನೀವು ಸೇವ್ ಮಾಡಿದ ಕೂಡಲೇ ಅನೇಕ ಎಮ್ಯುಲೇಟರುಗಳು ಅದನ್ನು ಕಾರ್ಡಿಗೆ ಬರೆಯುವುದಿಲ್ಲ, ಆಟದಿಂದ ಹೊರಬರುವಾಗ ಬರೆಯುತ್ತವೆ. ಆಟವನ್ನು ತೆರೆದಿಟ್ಟುಕೊಂಡೇ ಬ್ಯಾಕಪ್ ತೆಗೆದರೆ ನಿಮಗೆ ಸಿಗುವುದು ಹಿಂದಿನ ದಿನದ ಸೇವ್. ತೆರೆದಿಟ್ಟುಕೊಂಡೇ ಹಳೆಯ ಸೇವನ್ನು ಒಳಗೆ ಹಾಕಿದರೆ, ಹೊರಬರುವಾಗ ಎಮ್ಯುಲೇಟರ್ ಅದನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ರೆಟ್ರೋಆರ್ಕ್ ಎಂಬ ಎಮ್ಯುಲೇಟರ್ ತಂತ್ರಾಂಶದಲ್ಲಿ ಇಂತಿಷ್ಟು ಸೆಕೆಂಡಿಗೊಮ್ಮೆ ಸೇವ್ ಬರೆಯುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ. ಏನೇ ಇರಲಿ, ಫೈಲ್ ಸಾಗಿಸುವ ಮುನ್ನ ಆಟ ಮುಚ್ಚಿ.

ಕೊನೆಗೆ ನಿಮ್ಮ ಕಳೆದ ಸೇವ್‌ಗಳು. ಆ ಕಾರ್ಡಿಗೆ ಇನ್ನು ಮೇಲೆ ಏನನ್ನೂ ಬರೆಯಬೇಡಿ, ಅದನ್ನು ಕನ್ಸೋಲಿಗೂ ಹಾಕಬೇಡಿ. ಮೊದಲು ಇಡೀ ಕಾರ್ಡಿನ ಬೈಟ್ ಬೈಟ್ ಪ್ರತಿಯನ್ನು ಒಂದು ಇಮೇಜ್ ಫೈಲಾಗಿ ತೆಗೆದಿಟ್ಟು ಮುಂದಿನ ಎಲ್ಲ ಪ್ರಯತ್ನವನ್ನೂ ಆ ಪ್ರತಿಯ ಮೇಲೆಯೇ ಮಾಡಿ. ಸರಿಪಡಿಸಲು ನೀವು ಒಪ್ಪಿದಾಗ ವಿಂಡೋಸ್, ಯಾವ ಫೋಲ್ಡರಿಗೂ ಸೇರದ ಬ್ಲಾಕ್ ಸರಪಳಿಗಳನ್ನು ಎತ್ತಿ ಸಂಖ್ಯೆಯ ಹೆಸರಿಟ್ಟು ಒಂದು ಫೋಲ್ಡರಿನಲ್ಲಿ ಸುರಿದಿದೆ. ಹೆಸರು ಹೋಗಿದೆ, ಒಳಗಿನದು ಹಲವು ಫೈಲ್‌ಗಳಲ್ಲಿ ಹಾಗೆಯೇ ಇದೆ. ಆ ನೂರಾರು ಫೈಲ್‌ಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ. ಪ್ಲೇಸ್ಟೇಷನ್‌ನ ಮೊದಲ ತಲೆಮಾರಿನ ಮೆಮೊರಿ ಕಾರ್ಡ್ ಸೇವ್ ಸಾಮಾನ್ಯವಾಗಿ ಸರಿಯಾಗಿ 1,31,072 ಬೈಟ್ ಇರುತ್ತದೆ. ಅಂಥವನ್ನು, ಫೈಲಿನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದಾಗ ಮೊದಲ ಎರಡು ಅಕ್ಷರಗಳು ಇಂಗ್ಲಿಷಿನ ‘ಎಂ’ ಮತ್ತು ‘ಸಿ’ ಆಗಿದ್ದರೆ ಅದು ಸೇವ್ ಫೈಲೇ. ಗೇಮ್ ಬಾಯ್ ಅಡ್ವಾನ್ಸ್‌ನ ಸೇವ್‌ಗಳು ಹೆಚ್ಚಾಗಿ 8, 32, 64 ಅಥವಾ 128 ಕೆಬಿ ಇರುತ್ತವೆ, ಆದರೆ ಕಾರ್ಡಿನ ಕ್ಲಸ್ಟರ್ (ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ) 32 ಕೆಬಿ ಆಗಿದ್ದರೆ 8 ಕೆಬಿಯದೂ ಈಗ 32 ಕೆಬಿಯಾಗಿ ಕಾಣುತ್ತದೆ, ಬಾಲದಲ್ಲಿರುವ ಕಸವನ್ನು ಕತ್ತರಿಸಿ ಹಾಕಬೇಕು. ಯಾವ ಆಟದ್ದೆಂದು ತಿಳಿಯಲು ಒಂದೊಂದಕ್ಕೂ ಆಟದ ಹೆಸರಿಟ್ಟು ತೆರೆದು ನೋಡುವುದೇ ದಾರಿ. ಹಾಗೆ ನೋಡುವಾಗ ಮೂಲ ಪ್ರತಿಯನ್ನು ಮುಟ್ಟಬೇಡಿ, ಏಕೆಂದರೆ ಹೊಂದದ ಸೇವನ್ನು ಕಂಡ ಕೆಲವು ಆಟಗಳು ಕೇಳದೆಯೇ ಅದನ್ನು ಅಳಿಸಿ ಹೊಸದಾಗಿ ಆರಂಭಿಸಿಬಿಡುತ್ತವೆ.